ಗರಸಿನ ದಾರಿಯಲ್ಲಿ ಮುಂದೆ ಹೋದವನು

ದೆವ್ವ, ಭೂತ, ಸತ್ತವರು ಬಂದು ಮಾತಾಡುವುದು, ಇಂಥವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಯಾರಾದರೂ ಇಂಥ ಕಥೆ ಶುರುಮಾಡಿದರೆ ಮೊದಲು ನಗುವವನು ನಾನೇ. ನಕ್ಕು ಸುಮ್ಮನಾಗುತ್ತಲೂ ಇರಲಿಲ್ಲ. ಎಷ್ಟು ಗಂಟೆಗೆ ನೋಡಿದಿ, ದೀಪ ಇತ್ತೋ ಇಲ್ಲವೋ, ಹೊಟ್ಟೆಗೆ ಏನು ತಿಂದಿದ್ದಿ ಎಂದು ವಕೀಲನ ಹಾಗೆ ಕೇಳಿ, ಹೇಳುವವನ ಬಾಯಿ ಮುಚ್ಚಿಸಿದ ಮೇಲೆಯೇ ನನಗೆ ಊಟ ರುಚಿಸುತ್ತಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಓದುವವರು ನಕ್ಕರೆ ನನಗೆ ಬೇಸರವಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ. ಇದರಲ್ಲಿ ನನಗೆ ಗೌರವ ತರುವ ಸಂಗತಿ ಒಂದೂ ಇಲ್ಲ. ಕಟ್ಟಿ ಹೇಳುವುದಾಗಿದ್ದರೆ ಇದಕ್ಕಿಂತ ಚಂದದ್ದನ್ನು ಕಟ್ಟುತ್ತಿದ್ದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನನಗೆ ಆಗ ಇಪ್ಪತ್ತೇಳು. ಧಾರವಾಡದಿಂದ ಬಂದು ಮುಂಬಯಿಯ ಕೋಟೆ ಭಾಗದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಘಾಟ್ಕೋಪರ್‌ನ ಒಂದು ಚಾಳಿನಲ್ಲಿ, ಎರಡನೆಯ ಮಾಳಿಗೆಯಲ್ಲಿ ನನ್ನ ಕೋಣೆ. ಜೊತೆಗಿದ್ದವಳು ಅಕ್ಕ ಒಬ್ಬಳೇ. ಗಂಗಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನನ್ನನ್ನು ಹೆತ್ತು ಹತ್ತು ದಿನಕ್ಕೆ ಅವ್ವ ಹೋದಳಂತೆ. ಅಂದಿನಿಂದ ನನ್ನನ್ನು ಎತ್ತಿಕೊಂಡವಳು ಅಕ್ಕ. ನಡುವೆ ಮದುವೆಯಾಗಿ ಎರಡು ವರ್ಷ ಗಂಡನ ಮನೆಯಲ್ಲಿದ್ದಳು. ಗಂಡ ಪ್ಲೇಗಿಗೆ ಸಿಕ್ಕಿ ತೀರಿಕೊಂಡಮೇಲೆ ಒಂದು ಟ್ರಂಕು ಹಿಡಿದು ಮರಳಿ ಬಂದಳು. ಅಪ್ಪನೂ ಹೋದಮೇಲೆ, ನಾನು ಎಲ್ಲಿಗೆ ಹೋದರೆ ಅಲ್ಲಿ ಅವಳ ಮನೆ ಎಂದಾಯಿತು. ಮುಂಬಯಿಗೆ ಬಂದ ಹೊಸತರಲ್ಲಿ ನಲ್ಲಿಯ ಹತ್ತಿರ ಮರಾಠಿ ಹೆಂಗಸರೊಡನೆ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದಳು. ನಾನು ಆಫೀಸಿನಿಂದ ಬರುವ ಲೋಕಲ್‌ನ ಸದ್ದು ಕೇಳಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಎಷ್ಟೋ ಲೋಕಲ್ ಬರುತ್ತವಲ್ಲ, ನನ್ನದು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ನಗುತ್ತಿದ್ದಳು.

ನನಗಿದ್ದ ಒಂದೇ ಚಟ ಸೈಕಲ್ಲು. ಊರ ರಸ್ತೆಗಳಲ್ಲಲ್ಲ. ಡಾಂಬರು ಹಾಕಿದ ದಾರಿಯಲ್ಲಿ ಚಕ್ರ ಸುಮ್ಮನೆ ಜಾರುತ್ತದೆ, ಅದರಲ್ಲಿ ನನಗೆ ಸುಖವಿರಲಿಲ್ಲ. ಗರಸಿನ ದಾರಿ ಬೇಕು, ಕೆಂಪು ಗರಸು, ನಡುವೆ ಕಲ್ಲು ಎದ್ದಿರಬೇಕು, ಚಕ್ರದ ಕೆಳಗೆ ಕರಕರ ಎನ್ನಬೇಕು. ಆಗಿನ ಮುಂಬಯಿಯ ಉಪನಗರಗಳ ಬೆನ್ನಿಗೇ ಅಂಥ ದಾರಿಗಳಿದ್ದವು. ಘಾಟ್ಕೋಪರ್‌ನಿಂದ ಪಡುವಣಕ್ಕೆ ಹೊರಟರೆ ಅಸಲ್ಫಾ, ಸಾಕಿನಾಕಾ, ಮರೋಳ್. ಅಲ್ಲಿಂದ ಬಡಗಣಕ್ಕೆ ತಿರುಗಿದರೆ ಊರು ಮುಗಿದು ಗುಡ್ಡ ಶುರುವಾಗುತ್ತಿತ್ತು. ಹುಲ್ಲು ತರುವ ಗಾಡಿಗಳು, ಕಲ್ಲಿನ ಖಣಿಗೆ ಹೋಗುವ ಗಾಡಿಗಳು ತುಳಿದು ಮಾಡಿದ ದಾರಿ. ಹತ್ತಿ ಮೇಲೆ ಬಂದರೆ ಮರವಿಲ್ಲದ ಬೋಳು ಬಯಲು, ಮಳೆಗಾಲದಲ್ಲಿ ಮೊಣಕಾಲೆತ್ತರದ ಹುಲ್ಲು, ಬಲಗಡೆ ದೂರದಲ್ಲಿ ವಿಹಾರ್ ಕೆರೆಯ ನೀರು. ಬಯಲುಸೀಮೆಯಲ್ಲಿ ಬೆಳೆದ ನನಗೆ ಮುಂಬಯಿಯಲ್ಲಿ ಪೂರ್ತಿ ಆಕಾಶ ಕಂಡದ್ದು ಅಲ್ಲಿ ಮಾತ್ರ. ಬಯಲಿನ ಆಚೆ ತುದಿಯಿಂದ ಎಡಕ್ಕೆ ಇಳಿದರೆ ಮಲಾಡ್‌ನ ಬೆನ್ನಿಗೆ ಬಂದು ಮುಟ್ಟುತ್ತಿದ್ದೆ. ಮೊದಲು ಆಫೀಸಿನ ಮೂರು ನಾಲ್ಕು ಜನ ಗೆಳೆಯರು ಭಾನುವಾರಗಳಲ್ಲಿ ಜೊತೆಗಿರುತ್ತಿದ್ದರು. ಒಬ್ಬೊಬ್ಬರಾಗಿ ಮದುವೆ ಮಾಡಿಕೊಂಡು ಬಿಟ್ಟುಹೋದರು. ಕೊನೆಗೆ ಉಳಿದವನು ನಾನೊಬ್ಬ.

ಅಕ್ಕನಿಗೆ ಕೆಮ್ಮು ಶುರುವಾಯಿತು. ಮೊದಲು ಮಸಾಲೆಯ ಘಾಟು ಎಂದಳು, ಆಮೇಲೆ ಮುಂಬಯಿಯ ಗಾಳಿ ಎಂದಳು. ಸೆರಗಿನಲ್ಲಿ ರಕ್ತ ಕಂಡ ದಿನ ತಾನೇ ನಲ್ಲಿಯ ಹತ್ತಿರ ಹೋಗಿ ಒಗೆದು ಬಂದಳು. ಚಾಳಿನವರು ಕೆಟ್ಟವರೇನಲ್ಲ. ಆದರೆ ನಲ್ಲಿಯ ಹತ್ತಿರ ಅಕ್ಕ ಹೋದರೆ ಉಳಿದವರು ಕೊಡ ಎತ್ತಿಕೊಂಡು ಹಿಂದೆ ಸರಿಯತೊಡಗಿದರು, ಮಕ್ಕಳನ್ನು ಒಳಗೆ ಕರೆಯತೊಡಗಿದರು. ಮಲಾಡ್‌ನ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಕ್ಷಯದವರಿಗೆಂದು ಧರ್ಮಾರ್ಥವಾಗಿ ನಡೆಯುತ್ತಿದ್ದ ಒಂದು ಆಸ್ಪತ್ರೆ ಇತ್ತು. ಯಾರ ಯಾರನ್ನೋ ಹಿಡಿದು ಅಲ್ಲಿ ಒಂದು ಹಾಸಿಗೆ ಸಿಕ್ಕಿಸಿದೆ. ಅವಳನ್ನು ಬಿಟ್ಟುಬರುವ ದಿನ, ಮಳೆಗಾಲ ಕಳೆದೊಡನೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಆ ಮಳೆಗಾಲ ಕಳೆದು, ಚಳಿಗಾಲ ಕಳೆದು, ಮತ್ತೊಂದು ಮಳೆಗಾಲ ಬಂದಿತ್ತು.

ಪ್ರತಿ ಭಾನುವಾರ ಹೋಗುತ್ತಿದ್ದೆ. ಲೋಕಲ್‌ನಲ್ಲಿ ಹೋಗುವುದಾದರೆ ದಾದರ್‌ವರೆಗೆ ತೆಂಕಣಕ್ಕೆ ಹೋಗಿ, ಅಲ್ಲಿ ಲೈನು ಬದಲಿಸಿ, ಮತ್ತೆ ಬಡಗಣಕ್ಕೆ ಮಲಾಡ್‌ವರೆಗೆ ಬರಬೇಕು. ಗುಡ್ಡದ ಮೇಲಿನ ಗರಸಿನ ದಾರಿ ಹಿಡಿದರೆ ನೇರ. ಹಾಗಾಗಿ ನನ್ನ ಚಟವೇ ನನ್ನ ಕರ್ತವ್ಯವಾಯಿತು. ಜನ ಹೊಗಳುತ್ತಿದ್ದರು, ಅಕ್ಕನಿಗಾಗಿ ಗುಡ್ಡ ಹತ್ತಿ ಇಳಿಯುತ್ತಾನೆ ಎಂದು. ಗುಡ್ಡ ಹತ್ತುವುದು ನನಗೆ ಸುಖ, ಇಳಿದಮೇಲೆ ಇರುವುದು ಕಷ್ಟ ಎಂದು ನಾನು ಯಾರಿಗೂ ಹೇಳಲಿಲ್ಲ. ಅಕ್ಕ ಹಾಸಿಗೆಯ ಮೇಲೆ ಎದ್ದು ಕೂತಿರುತ್ತಿದ್ದಳು. ಎರಡು ಮಾತಾದಮೇಲೆ ಅದೇ ಪ್ರಶ್ನೆ.

"ತಮ್ಮಾ, ಮನಿಗೆ ಯಾವಾಗ ಕರಕೊಂಡು ಹೋಗ್ತೀ?"

ನಾನು ಡಾಕ್ಟರ ಮೇಲೆ ಹಾಕುತ್ತಿದ್ದೆ. ಡಾಕ್ಟರು ಇನ್ನೂ ಬೇಡ ಅಂತಾರೆ ಎನ್ನುತ್ತಿದ್ದೆ. ನಿಜವೇನೆಂದರೆ, ಡಾಕ್ಟರು ಎರಡು ತಿಂಗಳ ಹಿಂದೆಯೇ ನನ್ನನ್ನು ಕರೆದು, ಇನ್ನು ಮನೆಯಲ್ಲಿಟ್ಟು ಜೋಪಾನ ಮಾಡಬಹುದು, ಇಲ್ಲಿ ಹಾಸಿಗೆಗೆ ಬೇರೆಯವರು ಕಾಯುತ್ತಿದ್ದಾರೆ ಎಂದಿದ್ದರು. ಅದನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ.

ಕಾರಣವನ್ನೂ ಹೇಳಿಬಿಡುತ್ತೇನೆ. ದಾದರ್‌ನಲ್ಲಿದ್ದ ಬೆಳಗಾವಿಯ ಒಂದು ಕುಟುಂಬದಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ತಂದೆ ಸಭ್ಯರು, ಸುತ್ತುಬಳಸು ಮಾತಿನವರಲ್ಲ. ಮಾತುಕತೆಯ ದಿನ, ನಿಮ್ಮ ಅಕ್ಕಾರು ಇನ್ನ ಮ್ಯಾಲೆ ಎಲ್ಲಿರತಾರ್ರಿ ಎಂದು ಕೇಳಿದರು. ಊರಾಗ ಇರತಾರ್ರಿ ಎಂದೆ. ಯೋಚಿಸಿ ಹೇಳಿದ್ದಲ್ಲ, ಕೇಳಿದೊಡನೆ ಬಾಯಿಂದ ಬಂತು. ಆಮೇಲೆ ಅದನ್ನು ನಿಜ ಮಾಡಬೇಕಾಯಿತು. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ನಮಗೆ ದೂರದ ಸಂಬಂಧಿಕರೊಬ್ಬರಿದ್ದರು. ಅವರ ಹಿತ್ತಲಲ್ಲಿ ಒಂದು ಕೋಣೆ ಖಾಲಿ ಇತ್ತು. ಅಕ್ಕ ಅವರನ್ನು ಜೀವಮಾನದಲ್ಲಿ ಎರಡು ಸಲ ಕಂಡಿದ್ದಳೋ ಏನೋ. ಪತ್ರ ಬರೆದು ಒಪ್ಪಿಸಿದೆ. ಅಕ್ಕನಿಗೆ ತಿಳಿಸುವುದಷ್ಟೇ ಉಳಿದಿತ್ತು. ಮೂರು ಭಾನುವಾರ ಹೇಳಲೆಂದು ಹೋಗಿ ಹೇಳದೆ ಬಂದೆ. ನಾಲ್ಕನೆಯ ಭಾನುವಾರ ಹೇಳಿಯೇಬಿಡಬೇಕೆಂದು ಹೊರಟೆ. ಶ್ರಾವಣದ ನಡುವಿನ ಒಂದು ದಿನ ಅದು.

ಬೆಳಗಿನಿಂದ ಮಳೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಊಟ ಮಾಡಿ ಒಂದೂವರೆಗೆ ಸೈಕಲ್ ಇಳಿಸಿದೆ. ಹಿಂದಿನ ವಾರ ಖಣಿಯ ಕಲ್ಲು ಹೊಡೆದು ಹಿಂದಿನ ಟೈರು ಸೀಳಿತ್ತು. ಹೊಸದು ತರುವ ಬದಲು ಸೀಳಿದ ಜಾಗಕ್ಕೆ ಹಳೆಯ ಟೈರಿನ ಒಂದು ತುಂಡನ್ನು ಮೇಲಿನಿಂದ ಸುತ್ತಿ ಚಮ್ಮಾರನಿಂದ ಹೊಲಿಸಿದ್ದೆ. ಹಾಗಾಗಿ ಚಕ್ರ ಒಂದು ಸುತ್ತು ಬಂದಾಗೊಮ್ಮೆ ಒಂದು ಕುಲುಕು, ಹಸಿ ನೆಲದ ಮೇಲೆ ಮಾರಿಗೊಂದು ಅಡ್ಡ ಗುರುತು. ಮರೋಳ್‌ನಲ್ಲಿ ಉಡುಪಿ ಕಡೆಯ ಶೆಟ್ಟರೊಬ್ಬರು ತಗಡು ಹೊದಿಸಿದ ಸಣ್ಣ ಹೋಟೆಲು ನಡೆಸುತ್ತಿದ್ದರು. ಗುಡ್ಡ ಹತ್ತುವ ಮುಂಚೆ ಅಲ್ಲಿ ಒಂದು ಚಹಾ ಕುಡಿಯುವುದು ನನ್ನ ರೂಢಿ. ಆ ದಿನ ಒಂದು ಕುಡಿದೆ, ಇನ್ನೊಂದು ಕುಡಿದೆ, ಮಳೆ ನಿಂತರೂ ಬೆಂಚು ಬಿಟ್ಟು ಏಳಲಿಲ್ಲ. ಹೇಳಬೇಕಾದ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ಲೆಕ್ಕ ಹಾಕುತ್ತಿದ್ದೆ. ಗೋಡೆಯ ಗಡಿಯಾರ ಮೂರು ಹೊಡೆಯಿತು. ಶೆಟ್ಟರು ಗಲ್ಲಾದಿಂದಲೇ ನೋಡಿದರು.

"ಎಂತ, ಇವತ್ತು ಅಕ್ಕನ ಹತ್ರ ಹೋಗುದಿಲ್ವಾ? ಮೂರು ಗಂಟೆ ಆಯ್ತಲ್ಲ."

ಹೋಗಬೇಕು ಎಂದೆ. ಮತ್ತೂ ಹತ್ತು ನಿಮಿಷ ಕೂತು ಎದ್ದೆ. ಈ ಹೊತ್ತನ್ನು ಓದುಗರು ನೆನಪಿಡಬೇಕು. ನಾನು ಶೆಟ್ಟರ ಹೋಟೆಲು ಬಿಟ್ಟಾಗ ಮೂರು ಗಂಟೆ ದಾಟಿತ್ತು. ಆಮೇಲೆ ಎಷ್ಟೋ ಸಲ ಹೋಗಿ ಅವರನ್ನು ಕೇಳಿದ್ದೇನೆ, ಅವರೂ ಅಷ್ಟೇ ಹೇಳಿದ್ದಾರೆ.

ಏರು ಹತ್ತುವಾಗ ಮತ್ತೆ ಮಳೆ ಹಿಡಿಯಿತು. ಬಯಲಿಗೆ ಬಂದಾಗ ಕೆರೆಯೂ ಕಾಣುತ್ತಿರಲಿಲ್ಲ, ಗುಡ್ಡವೂ ಕಾಣುತ್ತಿರಲಿಲ್ಲ. ಬಿಳಿ ಬಟ್ಟೆ ಇಳಿಬಿಟ್ಟ ಹಾಗೆ ಮಳೆ. ಮುಂದಿನ ಇಪ್ಪತ್ತು ಮಾರು ದಾರಿ, ಎರಡೂ ಕಡೆ ಒಂದೇ ಕಡೆಗೆ ಬಾಗಿದ ಹುಲ್ಲು, ಅಷ್ಟೇ. ದಾರಿ ಕವಲೊಡೆಯುವಲ್ಲಿ ಶೇಂದೂರದ ಕೆಂಪು ಬಳಿದ ಒಂದು ಕಲ್ಲು ಇತ್ತು, ಅಲ್ಲಿಯ ಆದಿವಾಸಿ ವಾರಲಿ ಜನರ ದೇವರು. ಬಲದ ಕವಲು ಕಾಡಿನ ಕಡೆಗೆ, ಎಡದ್ದು ಮಲಾಡ್‌ಗೆ. ವರ್ಷದಿಂದ ಪ್ರತಿ ವಾರ ಹೋದ ದಾರಿ, ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ. ಎಡಕ್ಕೆ ತಿರುಗಿದೆ. ಗರಸು ನೀರು ಕುಡಿದು ಮೆತ್ತಗಾಗಿತ್ತು, ಪೆಡಲು ಭಾರವಾಗಿತ್ತು. ಕಾಲು ಗಂಟೆಗೆ ಇಳಿಜಾರು ಬರಬೇಕು. ಬರಲಿಲ್ಲ. ಇನ್ನಷ್ಟು ತುಳಿದೆ. ಆಗ ಮಳೆಯೊಳಗಿಂದ ಶೇಂದೂರದ ಕಲ್ಲು ಮತ್ತೆ ಎದುರಿಗೆ ಬಂತು.

ಹಿಂದಕ್ಕೆ ತಿರುಗಿ ಬಂದೆನೇ ಎಂದುಕೊಂಡೆ. ಹಾಗೆ ಬಂದಿದ್ದರೆ ಮಲಾಡ್ ಕಡೆಯಿಂದ ಕಲ್ಲಿಗೆ ಬರಬೇಕಿತ್ತು. ನಾನು ಬಂದದ್ದು ಮರೋಳ್ ಕಡೆಯಿಂದ, ಮೊದಲನೆಯ ಸಲ ಹೇಗೆ ಬಂದಿದ್ದೆನೋ ಹಾಗೆ. ಮತ್ತೆ ಎಡಕ್ಕೆ ಹೋದೆ. ಈ ಸಲ ಇಳಿದು, ಸೈಕಲ್ ತಳ್ಳಿಕೊಂಡು, ದಾರಿಯ ಅಂಚಿನ ಹುಲ್ಲನ್ನು ಕಾಲಲ್ಲಿ ಮುಟ್ಟುತ್ತ ನಡೆದೆ. ಎಷ್ಟು ಹೊತ್ತು ನಡೆದೆನೋ ಗೊತ್ತಿಲ್ಲ, ಕೈಗಡಿಯಾರ ಕಟ್ಟುವ ಸ್ಥಿತಿ ನನಗೆ ಆಗ ಇರಲಿಲ್ಲ. ಮತ್ತೆ ಕಲ್ಲು. ಮತ್ತೆ ಅದೇ ಕಡೆಯಿಂದ.

ಹೆದರಿಕೆಯಾಯಿತೇ ಎಂದು ಕೇಳಬಹುದು. ಆಗಲಿಲ್ಲ. ಆದದ್ದು ಬೇರೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಮನಸ್ಸು ಹಗುರಾಯಿತು. ದಾರಿ ತಪ್ಪಿತು, ಭೇಟಿಯ ಹೊತ್ತು ಮೀರಿತು, ನಾನೇನು ಮಾಡಲಿ ಎಂದು ಬರುವ ವಾರ ಹೇಳಿದರಾಯಿತು ಎಂದುಕೊಂಡೆ. ಕಲ್ಲಿನ ಪಕ್ಕದಲ್ಲಿ ಸೈಕಲ್ ಒರಗಿಸಿ ಕೂತೆ. ಒಳ್ಳೆಯ ಹೊತ್ತೇ ಕೂತಿರಬೇಕು.

ಮಳೆ ಸ್ವಲ್ಪ ಇಳಿಯಿತು. ಏಳುವಾಗ ನೆಲ ನೋಡಿದೆ. ಎಡದ ಕವಲಿನಲ್ಲಿ ನಾನು ಎರಡು ಸಲ ಹೋಗಿದ್ದೆ, ಅಲ್ಲಿ ಒಂದೂ ಗುರುತಿಲ್ಲ, ಎಲ್ಲ ತೊಳೆದುಹೋಗಿತ್ತು. ಎರಡೂ ಕವಲುಗಳ ನಡುವೆ ಹುಲ್ಲು ಸೀಳಿಕೊಂಡು ಒಂದು ಸಣ್ಣ ಜಾಡು ಇಳಿದಿತ್ತು. ಅದನ್ನು ನಾನು ಹಿಂದೆ ಎಂದೂ ಗಮನಿಸಿರಲಿಲ್ಲ. ಆ ಜಾಡಿನ ಹಸಿ ಗರಸಿನ ಮೇಲೆ ಒಂದು ಸೈಕಲ್ ಹೋದ ಗುರುತು, ಈಗ ಹೋದಷ್ಟು ಹೊಸದು. ಮಾರಿಗೊಂದು ಅಡ್ಡ ಗುರುತು.

ನಾನು ನನ್ನ ಹಿಂದಿನ ಚಕ್ರ ನೋಡಿದೆ. ಆ ಗುರುತು ನೋಡಿದೆ. ಹೊಲಿಗೆಯ ಮೂರು ಗಂಟುಗಳೂ ಮಣ್ಣಿನಲ್ಲಿ ಮೂಡಿದ್ದವು. ಅದು ಕಲ್ಲಿನ ಹತ್ತಿರದಿಂದಲೇ ಶುರುವಾಗಿತ್ತು, ಅದಕ್ಕಿಂತ ಹಿಂದೆ ಇರಲಿಲ್ಲ. ಮನಸ್ಸಿಗೆ ಏನೇನೋ ಸಮಾಧಾನ ಹೇಳಿಕೊಂಡೆ. ಬೇರೆ ಯಾರೋ ಅದೇ ಚಮ್ಮಾರನ ಹತ್ತಿರ ಟೈರು ಹೊಲಿಸಿರಬಹುದು ಎಂದುಕೊಂಡೆ. ಹತ್ತಿ ಕೂತು ಆ ಗುರುತಿನ ಮೇಲೆಯೇ ಚಕ್ರ ಬಿಟ್ಟೆ. ಜಾಡು ಎಲ್ಲಿಯೂ ತಡವರಿಸದೆ ಇಳಿಯಿತು. ಬಂಡೆ ಬಂದಲ್ಲಿ ಬಳಸಿ ಹೋಗಿತ್ತು, ಹಳ್ಳ ಬಂದಲ್ಲಿ ಕಲ್ಲು ಹಾಸಿದ ಜಾಗ ಹುಡುಕಿ ದಾಟಿತ್ತು. ನಾನು ಸವಾರಿ ಮಾಡುವ ರೀತಿಯೇ ಹಾಗೆ. ಒಂದು ವ್ಯತ್ಯಾಸ ಮಾತ್ರ ಕಂಡಿತು. ಕಡಿದಾದ ಇಳಿಜಾರುಗಳಲ್ಲಿ ನಾನು ಬ್ರೇಕು ಹಿಡಿದು ಗರಸು ಕೆದರುತ್ತಿದ್ದೆ. ಅವನು ಎಲ್ಲಿಯೂ ಬ್ರೇಕು ಹಿಡಿದಿರಲಿಲ್ಲ. ಅವಸರದಲ್ಲಿದ್ದವನ ಗುರುತು ಅದು. ದಾರಿಯಲ್ಲಿ ನನಗೆ ಯಾರೂ ಎದುರಾಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆಯ ಗೇಟು ಮುಂದೆ ಬಂತು. ಗುರುತು ಒಳಗೆ ಹೋಗಿತ್ತು.

ಗೇಟು ಕಾಯುವ ಭಯ್ಯಾ ನನ್ನನ್ನು ವರ್ಷದಿಂದ ಬಲ್ಲವನು. ಸ್ಟೂಲಿನಿಂದ ಎದ್ದು, "ಕ್ಯಾ ಬಾಬೂಜಿ, ಕುಛ್ ಭೂಲ್ ಗಯೇ?" ಎಂದ. ಏನಾದರೂ ಮರೆತಿರಾ ಎಂದು ಅವನು ಯಾಕೆ ಕೇಳಿದನೋ ತಿಳಿಯಲಿಲ್ಲ. ಈಗ ಬರುತ್ತಿದ್ದೇನಲ್ಲ ಎಂದೆ. ಅವನು ನಕ್ಕ. ನೀವು ಹೋಗಿ ಅರ್ಧ ಗಂಟೆಯೂ ಆಗಲಿಲ್ಲ, ಸೈಕಲ್ ಇದೇ ಗೋಡೆಗೆ ಒರಗಿಸಿದ್ದಿರಿ, ನಾನೇ ಮಳೆಯಿಂದ ಈಚೆಗೆ ಸರಿಸಿದೆ ಎಂದ. ಹೊರಗೆ ಹೋದ ಚಕ್ರದ ಗುರುತು ಇದೆಯೇ ಎಂದು ನೆಲ ನೋಡಿದೆ. ಒಳಗೆ ಬಂದದ್ದು ಮಾತ್ರ ಇತ್ತು.

ವಾರ್ಡಿನ ಮೆಟ್ಟಿಲ ಮೇಲೆ ಸಿಸ್ಟರ್ ಎದುರಾದಳು. ಮಂಗಳೂರಿನ ಕಡೆಯ ನಡುವಯಸ್ಸಿನ ಹೆಂಗಸು, ಅಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ನನ್ನನ್ನು ಕಂಡು ಅವಳ ಮುಖದಲ್ಲಿ ಆಶ್ಚರ್ಯ ಬರಲಿಲ್ಲ, ಒಂದು ರೀತಿಯ ಸಮಾಧಾನ ಬಂತು.

"ಯಾರು ಹೇಳಿದ್ದು ನಿಮಗೆ? ನಾನು ಈಗ ಆಳು ಕಳಿಸ್ಲಿಕ್ಕೆ ಹೊರಟದ್ದು," ಎಂದಳು. ಆಮೇಲೆ ದನಿ ತಗ್ಗಿಸಿ, "ಅವರು ಹೋದ್ರು. ಹತ್ತು ನಿಮಿಷ ಆಯ್ತು. ಒಮ್ಮೆಲೇ ರಕ್ತ ಬಂತು, ಎಂತ ಮಾಡ್ಲಿಕ್ಕೂ ಆಗಲಿಲ್ಲ. ನೀವು ಬಂದು ಕೂತದ್ದು ಒಳ್ಳೇದಾಯ್ತು. ತುಂಬಾ ಖುಷಿಯಲ್ಲಿದ್ರು," ಎಂದಳು.

ನಾನು ಯಾವಾಗ ಬಂದಿದ್ದೆ ಎಂದು ಕೇಳಿದೆ. ದುಃಖದಲ್ಲಿ ಮಾತು ಕೆಟ್ಟಿದೆ ಎಂದು ಅವಳು ತಿಳಿದಿರಬೇಕು, ತಾಳ್ಮೆಯಿಂದ ಉತ್ತರ ಕೊಟ್ಟಳು. ಮೂರು ಗಂಟೆಯ ಔಷಧಿ ಕೊಡುತ್ತಿರುವಾಗ ನಾನು ತೊಯ್ದು ತೊಪ್ಪೆಯಾಗಿ ಬಂದೆನಂತೆ. ಭೇಟಿಯ ಹೊತ್ತು ನಾಲ್ಕಕ್ಕೆ, ಆದರೂ ಮಳೆಯಲ್ಲಿ ಬಂದಿದ್ದಾನೆಂದು ಅವಳು ಬಿಟ್ಟಳಂತೆ. ಐದಕ್ಕೆ ಸ್ವಲ್ಪ ಮುಂಚಿನವರೆಗೂ ಅಕ್ಕನ ಹಾಸಿಗೆಯ ಮೇಲೆಯೇ ಕೂತಿದ್ದೆನಂತೆ. ನಾನು ಎಂದೂ ಹಾಸಿಗೆಯ ಮೇಲೆ ಕೂಡುತ್ತಿರಲಿಲ್ಲ, ಅಕ್ಕನೇ ಬೇಡವೆಂದು ಸ್ಟೂಲನ್ನು ದೂರ ಹಾಕಿಸುತ್ತಿದ್ದಳು. ಮೂರು ಗಂಟೆಗೆ ನಾನು ಶೆಟ್ಟರ ಬೆಂಚಿನ ಮೇಲಿದ್ದೆ.

ಒಳಗೆ ಹೋದೆ. ಅಕ್ಕನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಸರಿಸಿ ನೋಡಿದೆ. ತಲೆ ಬಾಚಿಕೊಂಡಿದ್ದಳು. ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು, ಅದರ ಎದೆಯ ಭಾಗವೆಲ್ಲ ಕೆಂಪಾಗಿತ್ತು. ಟ್ರಂಕಿಗೆ ಬೀಗ ಹಾಕಿ ಮಂಚದ ಕೆಳಗಿನಿಂದ ಹೊರಗೆ ಎಳೆದಿಟ್ಟಿತ್ತು. ಅದರ ಮೇಲೆ ಅವಳ ಲೋಟ, ಬಾಚಣಿಗೆ, ಒಂದು ಗಂಟಿನಲ್ಲಿ. ಇದೇನು ಎಂದು ಸಿಸ್ಟರನ್ನು ಕೇಳಿದೆ.

"ನೀವೇ ಅಲ್ವಾ ಹೇಳಿದ್ದು? ನಾನು ಆ ಕಡೆ ಔಷಧಿ ಕೊಡ್ತಾ ಇದ್ದೆ, ಕೇಳಿತು ನಂಗೆ. 'ನಡಿ ಅಕ್ಕಾ, ಮನಿಗೆ ಹೋಗೂಣು' ಅಂದ್ರಿ. ಗಾಡಿ ತರ್ತೇನೆ, ತಯಾರಾಗಿರು ಅಂತ ಹೇಳಿ ಹೋದ್ರಿ."

ಅಕ್ಕ ತಯಾರಾಗಿ ಕಾಯುತ್ತಿದ್ದಾಗ ಕೆಮ್ಮು ಬಂತಂತೆ.

ಬಂದವನು ನಾನಲ್ಲ ಎಂದು ಹೇಳಬೇಕಿತ್ತು. ಬಾಯಿಗೆ ಬಂತು. ಸಿಸ್ಟರ್ ನನ್ನನ್ನು ನೋಡುತ್ತಿದ್ದ ರೀತಿ ಹೇಗಿತ್ತೆಂದರೆ, ಇಷ್ಟು ಒಳ್ಳೆಯ ತಮ್ಮನಿಗೆ ಹೀಗಾಯಿತಲ್ಲ ಎಂಬಂತೆ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಹೇಳಲು ಆಗಲೇ ಇಲ್ಲ.

ಅವಳನ್ನು ಆಗಲಾದರೂ ಮನೆಗೆ ಒಯ್ದೆನೇ ಎಂದರೆ, ಅದನ್ನೂ ಮಾಡಲಿಲ್ಲ. ಚಾಳಿನವರು ಏನೆನ್ನುತ್ತಾರೋ ಎಂದು, ದೂರ ಎಂದು, ಮಳೆ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಮಲಾಡ್‌ನ ಸ್ಮಶಾನದಲ್ಲಿಯೇ, ಆಸ್ಪತ್ರೆಯ ಇಬ್ಬರು ಆಳುಗಳು ಮತ್ತು ಗೇಟಿನ ಭಯ್ಯಾನ ಜೊತೆ, ಹಸಿ ಕಟ್ಟಿಗೆಗೆ ಸೀಮೆಎಣ್ಣೆ ಸುರಿದು ಮುಗಿಸಿದೆ. ಟ್ರಂಕನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಸ್ಟೇಷನ್ನಿಗೆ ತಳ್ಳಿಕೊಂಡು ಹೋದೆ. ಗುಡ್ಡದ ದಾರಿ ಹಿಡಿಯಲು ಧೈರ್ಯವಾಗಲಿಲ್ಲ.

ನನ್ನ ಹಳೆಯ ಸ್ವಭಾವ ಸುಮ್ಮನೆ ಬಿಡಲಿಲ್ಲ. ಹದಿನೈದು ದಿನ ಕಳೆದಮೇಲೆ ಬಿಸಿಲು ಬಿದ್ದ ಒಂದು ಬೆಳಿಗ್ಗೆ ಗುಡ್ಡ ಹತ್ತಿದೆ. ಶೇಂದೂರದ ಕಲ್ಲು ಇತ್ತು, ಎರಡು ಕವಲುಗಳಿದ್ದವು. ನಡುವೆ ಜಾಡು ಇರಲಿಲ್ಲ. ಹುಲ್ಲು ಕೊಯ್ಯುತ್ತಿದ್ದ ವಾರಲಿ ಹೆಂಗಸೊಬ್ಬಳನ್ನು ಕೇಳಿದೆ. ಅಲ್ಲಿ ಇಳಿಯುವ ದಾರಿ ಎಂದೂ ಇಲ್ಲ, ಕೆಳಗೆ ಖಣಿ ಕಡಿದ ಪ್ರಪಾತ, ದನ ಬೀಳುತ್ತವೆಂದು ಆ ಕಡೆ ಬಿಡುವುದೂ ಇಲ್ಲ ಎಂದಳು. ಹುಲ್ಲು ಸರಿಸಿಕೊಂಡು ಐವತ್ತು ಹೆಜ್ಜೆ ಹೋಗಿ ಬಗ್ಗಿ ನೋಡಿದೆ. ಅವಳು ಹೇಳಿದ್ದು ನಿಜ. ನನ್ನನ್ನು ಹೋಲುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದೆ. ನೆಂಟರಲ್ಲಿ ಇಲ್ಲ. ಇದ್ದರೂ, ಅಕ್ಕ ಎರಡು ತಾಸು ಹತ್ತಿರ ಕೂಡಿಸಿಕೊಂಡು ಮಾತಾಡಿ, ತಮ್ಮ ಯಾರು ಯಾರಲ್ಲ ಎಂದು ತಿಳಿಯದೆ ಹೋದಾಳೇ? ಜ್ವರವಿತ್ತು, ಕಣ್ಣು ಮಂಜಾಗಿತ್ತು ಎನ್ನೋಣ. ಸಿಸ್ಟರಿಗೆ, ಭಯ್ಯಾನಿಗೆ ಏನಾಗಿತ್ತು? ನಾನೇ ಹೋಗಿ ಬಂದು ಮರೆತಿದ್ದೇನೆ ಎಂದೂ ಯೋಚಿಸಿದೆ. ಶೆಟ್ಟರ ಗಡಿಯಾರ ಅದಕ್ಕೆ ಅಡ್ಡ ಬರುತ್ತದೆ.

ಚಳಿಗಾಲದಲ್ಲಿ ನನ್ನ ಮದುವೆಯಾಯಿತು. ಅಕ್ಕನನ್ನು ಹೇಗೆ ನೋಡಿಕೊಂಡೆ ಎಂಬ ಸುದ್ದಿ ಯಾರ ಮೂಲಕವೋ ದಾದರ್‌ವರೆಗೂ ಹೋಗಿತ್ತು. ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಮಾವನವರು ಪಂಕ್ತಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದರು. ನನ್ನ ಹೆಂಡತಿಯೂ ನಂಬಿದಳು. ಈ ಬರಹವನ್ನು ಅವಳು ಓದುವುದಿಲ್ಲ. ಅವಳಿಗೆ ಹೇಳುವ ಧೈರ್ಯ ಇಂದಿಗೂ ಬಂದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅಕ್ಕನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದಳು, ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದವಳು. ಅಕ್ಕ ಅವಳನ್ನು ಮರಾಠಿಯವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು, ನಾನೂ ಹಾಗೆಯೇ ಕರೆಯುತ್ತಿದ್ದೆ. ಆ ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದುದರಿಂದ ಮಾತಾಡಿಸಿರಲಿಲ್ಲ. ಮರುವರ್ಷ ಒಂದು ಸಂಜೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಅವಳೇ ನನ್ನನ್ನು ಗುರುತಿಸಿ ನಿಲ್ಲಿಸಿದಳು. ಗುಣವಾಗಿ ಮನೆಗೆ ಬಂದಿದ್ದಳು, ಸ್ವಲ್ಪ ಮೈ ತುಂಬಿಕೊಂಡಿದ್ದಳು. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದಳು. ಜನ ನಮ್ಮ ಎರಡೂ ಕಡೆಯಿಂದ ನುಗ್ಗಿ ಹೋಗುತ್ತಿದ್ದರು.

ನಾನು ಯಾರಿಗೂ ಕೇಳಬಾರದೆಂದುಕೊಂಡಿದ್ದನ್ನು ಅವಳಿಗೆ ಕೇಳಿದೆ. ಆ ದಿನ ನಾನೂ ಅಕ್ಕನೂ ಏನು ಮಾತಾಡುತ್ತಿದ್ದೆವು ಮಾವಶಿ, ನನಗೆ ಒಂದೂ ನೆನಪಾಗುತ್ತಿಲ್ಲ ಎಂದೆ. ಕೊನೆಯದು ಮಾತ್ರ ಸುಳ್ಳಲ್ಲ.

"ತುಮಚಿ ಭಾಷಾ ಮಲಾ ಕುಠೇ ಕಳತೇ, ಬಾಳಾ?" ಎಂದಳು. ನಿಮ್ಮ ಭಾಷೆ ನನಗೆಲ್ಲಿ ತಿಳಿಯುತ್ತದಪ್ಪ. ಆದರೆ ನೋಡುತ್ತಿದ್ದೆ ಎಂದಳು. ನಾವಿಬ್ಬರೂ ಬಹಳ ಮಾತಾಡಿದೆವಂತೆ. ಅಕ್ಕ ಒಂದು ಸಲ ಬಾಯಿ ತುಂಬ ನಕ್ಕಳಂತೆ, ವಾರ್ಡಿನವರೆಲ್ಲ ತಿರುಗಿ ನೋಡಿದರಂತೆ. ಅಷ್ಟು ದಿನ ಪಕ್ಕದಲ್ಲಿದ್ದು ಅವಳು ಆ ನಗು ಕೇಳಿದ್ದು ಅದೊಂದೇ ಸಲವಂತೆ. ಆಮೇಲೆ ನಾನು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆನಂತೆ. ಬಹಳ ಹೊತ್ತು ಅತ್ತೆನಂತೆ. ಅಕ್ಕ ಸೆರಗಿನಿಂದ ನನ್ನ ತಲೆಯ ಮಳೆನೀರು ಒರೆಸುತ್ತ, ಏನನ್ನೋ ಮೆಲ್ಲಗೆ ಹೇಳುತ್ತಿದ್ದಳಂತೆ. ಒಂದೇ ಮಾತನ್ನು ಮತ್ತೆ ಮತ್ತೆ, ಮಗುವಿಗೆ ಹೇಳುವ ಹಾಗೆ.

ಯಾವ ಮಾತು ಎಂದು ಕೇಳಿದೆ. ನೆನಪು ಮಾಡಿಕೊಳ್ಳಲು ಅವಳು ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿಸಿದಳು. ಬರಲಿಲ್ಲ. ಬೇರೆ ಭಾಷೆ ಅಲ್ಲವೇ ಎಂದಳು. ಅವಳ ಗಾಡಿ ಬಂತು, ಮೆಟ್ಟಿಲಿಳಿದು ಹೋದಳು.

ಅಕ್ಕ ಸತ್ತ ದಿನ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಚಿತೆಯ ಮುಂದೆ ಬಂದಿರಲಿಲ್ಲ, ಟ್ರಂಕು ಬಿಚ್ಚಿದಾಗಲೂ ಬಂದಿರಲಿಲ್ಲ. ಈಗ ನನಗೆ ಅರವತ್ತು ದಾಟಿದೆ, ಮೊಮ್ಮಕ್ಕಳಿದ್ದಾರೆ. ಅಕ್ಕನ ನೆನಪಾದಾಗಲೆಲ್ಲ ಅಳು ಬರಲಿ ಎಂದು ಕಾಯುತ್ತೇನೆ, ಬರುವುದಿಲ್ಲ. ಆ ಮಧ್ಯಾಹ್ನ ನನಗಿಂತ ಮುಂದೆ ಗುಡ್ಡ ಇಳಿದು ಹೋದವನು ಯಾರೋ ನನಗೆ ಗೊತ್ತಿಲ್ಲ, ಎಲ್ಲಿಗೆ ಹೋದನೋ ಗೊತ್ತಿಲ್ಲ. ಅಕ್ಕ ನನಗೆಂದು ಹೇಳಿದ ಕೊನೆಯ ಮಾತು ಅವನ ಹತ್ತಿರ ಇದೆ.